ಎಂಜಿನಿನ ಹೊಗೆ ಮತ್ತು ವಾಸನೆ: ಒಂದು ಪರೀಕ್ಷಾಕ್ರಮ

ತರ್ಕಶಾಸ್ತ್ರವನ್ನು ಓದತೊಡಗಿದ ವಿದ್ಯಾರ್ಥಿ ಎಲ್ಲಕ್ಕಿಂತ ಮೊದಲು ಕಲಿಯುವುದು ಹೊಗೆ ಮತ್ತು ಬೆಂಕಿಗಳ ಸಂಬಂಧವನ್ನು. ದೂರದ ಬೆಟ್ಟದ ಮೇಲೆ ಹೊಗೆ ಕಂಡಿತೆಂದರೆ ಅಲ್ಲಿ ಬೆಂಕಿಯಿದೆಯೆಂದು ತಿಳಿಯುವುದು ಅನುಮಾನ ಪ್ರಮಾಣ. ಹೊಗೆ ಹೇತು, ಬೆಂಕಿ ಸಾಧ್ಯ, ಅಡುಗೆಮನೆಯ ಒಲೆ ದೃಷ್ಟಾಂತ. ನಮ್ಮ ಪ್ರಾಚೀನರು ನೂರಾರು ವರ್ಷ ಚರ್ಚಿಸಿದ ಈ ಉದಾಹರಣೆಯು ಗ್ರಂಥದಲ್ಲಿಯೇ ಉಳಿದುಬಿಡಬೇಕಾದುದಲ್ಲ. ಹೊಲದ ಭಾವಿಯಲ್ಲಿ ನೀರೆತ್ತುವ ಎಂಜಿನಿನ ಮುಂದೆ ನಿಂತ ರೈತನಿಗೂ, ಗಿರಣಿಯ ಮಿಸ್ತ್ರಿಗೂ ಅದು ದಿನನಿತ್ಯ ಬೇಕಾಗುವ ವಿದ್ಯೆ. ಭೇದವಿಷ್ಟೆ: ಎಂಜಿನಿನಲ್ಲಿ ಬೆಂಕಿಯಿರುವುದು ಮೊದಲೇ ಗೊತ್ತು. ಅದು ಎಂತಹ ಬೆಂಕಿ, ಸರಿಯಾಗಿ ಉರಿಯುತ್ತಿದೆಯೆ ಇಲ್ಲವೆ, ಅದರೊಡನೆ ಉರಿಯಬಾರದ ವಸ್ತುವೇನಾದರೂ ಉರಿಯುತ್ತಿದೆಯೆ ಎಂಬುದನ್ನು ಹೊಗೆಯ ಬಣ್ಣದಿಂದಲೂ ವಾಸನೆಯಿಂದಲೂ ಅರಿಯಬೇಕು. ಹಾಗೆಯೇ ಹೊಗೆಯೂ ವಾಸನೆಯೂ ಹೇಳಲಾರದ ಸಂಗತಿಯೊಂದುಂಟು. ಅದನ್ನು ಅರಿಯದಿದ್ದರೆ ಉಳಿದ ಅರಿವೆಲ್ಲವೂ ಪ್ರಾಣವನ್ನುಳಿಸಲಾರದು. ಈ ಎರಡನ್ನೂ ವಾಚಕರ ಮುಂದಿಡುವುದು ಪ್ರಸ್ತುತ ಲೇಖನದ ಉದ್ದೇಶ.

ಎಂಜಿನ್ ಭಾವಿಗಿಳಿದ ಬಗೆ

ಬೀದರ ನಗರವು ಜಂಬಿಟ್ಟಿಗೆಯ ಕೆಂಗಲ್ಲಿನ ಎತ್ತರದ ನೆಲದ ಮೇಲಿದೆ. ಅಲ್ಲಿಂದ ಭಾಲ್ಕಿ, ಔರಾದಗಳ ಕಡೆಗೆ ಇಳಿದಂತೆ ಕೆಳಗಣ ಕರಿಗಲ್ಲೂ ಅದರ ಮೇಲಣ ಎರೆಮಣ್ಣೂ ಎದುರಾಗುತ್ತವೆ. ಮಾಂಜ್ರಾ ನದಿಯೂ ಅದಕ್ಕೆ ಸೇರುವ ಕಾರಂಜಾ ನದಿಯೂ ಈ ಸೀಮೆಯ ಜೀವನಾಡಿಗಳೆನಿಸಿದರೂ, ನದಿಯಿಂದ ದೂರವಿರುವ ಹೊಲಗಳಿಗೆ ತೆರೆದ ಭಾವಿಯೇ ಆಸರೆಯಾಗಿತ್ತು. ಮೊದಲು ಆ ಭಾವಿಗಳಿಂದ ನೀರೆತ್ತುತ್ತಿದ್ದುದು ಎತ್ತುಗಳು ಎಳೆಯುವ ಚರ್ಮದ ಕಪಿಲೆ. ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ಅದರ ಸ್ಥಾನಕ್ಕೆ ಡೀಸೆಲ್ ಎಂಜಿನ್ ಬಂದಿತು. ಜರ್ಮನಿಯ ರುಡಾಲ್ಫ್ ಡೀಸೆಲ್ 1897ರಲ್ಲಿ ಆಗ್ಸ್‌ಬರ್ಗ್ ನಗರದಲ್ಲಿ ಯಶಸ್ವಿಯಾಗಿ ನಡೆಸಿ ತೋರಿಸಿದ ಯಂತ್ರವು ಅರ್ಧ ಶತಮಾನದ ತರುವಾಯ ದಖ್ಖನಿನ ರೈತನ ಕೈಗೆ ಬಂದುದು ಹೀಗೆ. ಈ ಬಗೆಯ ಎಂಜಿನುಗಳನ್ನು ತಯಾರಿಸಲು 1946ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ಕಿರ್ಲೋಸ್ಕರ್ ಸಂಸ್ಥೆಯ ಮೂಲಪುರುಷರಾದ ಲಕ್ಷ್ಮಣರಾವ್ ಕಿರ್ಲೋಸ್ಕರರು 1869ರಲ್ಲಿ ಜನಿಸಿದುದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಎಂಬುದು ಕನ್ನಡಿಗರಿಗೆ ಅಭಿಮಾನದ ವಿಷಯ.

ದಡದ ಮೇಲಿರಬೇಕಾದ ಎಂಜಿನ್ ಭಾವಿಯೊಳಗೆ ಏಕೆ ಇಳಿಯಿತು? ಪಂಪು ನೀರನ್ನು ತಾನಾಗಿ ಮೇಲಕ್ಕೆ ಎಳೆಯುವುದಿಲ್ಲ. ಅದು ಕೊಳವೆಯೊಳಗಿನ ಗಾಳಿಯನ್ನು ತೆಗೆದೊಡನೆ ಹೊರಗಿನ ವಾಯುಮಂಡಲದ ಒತ್ತಡವು ನೀರನ್ನು ಮೇಲಕ್ಕೆ ನೂಕುತ್ತದೆ. ಸಮುದ್ರಮಟ್ಟದಲ್ಲಿ ಈ ಒತ್ತಡವು ಹೆಚ್ಚೆಂದರೆ 10.3 ಮೀಟರ್ ಎತ್ತರದ ನೀರಿನ ಕಂಬವನ್ನು ತಾಳಬಲ್ಲದು. ಇಟಲಿಯ ಟೊರಿಸೆಲ್ಲಿ 1643ರ ಸುಮಾರಿನಲ್ಲಿ ಇದರ ಕಾರಣವನ್ನು ಬಿಡಿಸಿದನು. ಸಮುದ್ರಮಟ್ಟಕ್ಕಿಂತ ಬಹಳ ಎತ್ತರದಲ್ಲಿರುವ ಬೀದರಿನಲ್ಲಿ ಗಾಳಿಯ ಒತ್ತಡ ಇನ್ನೂ ಕಡಿಮೆ. ಕೊಳವೆಯ ಘರ್ಷಣೆ, ಕೀಲುಗಳ ಸೋರಿಕೆಗಳನ್ನು ಕಳೆದರೆ ಆರೇಳು ಮೀಟರಿಗಿಂತ ಕೆಳಗಿನ ನೀರು ಪಂಪಿಗೆ ನಿಲುಕುವುದಿಲ್ಲ. ಬೇಸಿಗೆಯಲ್ಲಿ ನೀರು ಇಳಿದಂತೆ ಪಂಪೂ ಇಳಿಯಬೇಕಾಯಿತು. ಪಟ್ಟಾದಿಂದ ಪಂಪಿಗೆ ಕಟ್ಟಿಕೊಂಡಿದ್ದ ಎಂಜಿನ್ ಅದರ ಹಿಂದೆಯೇ ಇಳಿದು, ಭಾವಿಯ ಒಳಗೋಡೆಯಲ್ಲಿ ಕೊರೆದ ಕಟ್ಟೆಯ ಮೇಲೆ ಕುಳಿತಿತು. ಇಂದು ನೀರಿನೊಳಗೇ ಮುಳುಗಿ ಕೆಲಸಮಾಡುವ ವಿದ್ಯುತ್ ಪಂಪುಗಳು ಬಂದಿವೆ. ಆದರೂ ಭಾವಿಯ ಹೂಳೆತ್ತುವಾಗ, ವಿದ್ಯುತ್ತು ಇಲ್ಲದ ಕಡೆ, ನದಿಯ ದಂಡೆಯಲ್ಲಿ ಎಂಜಿನಿನ ಉಪಯೋಗ ನಿಂತಿಲ್ಲ.

ಮಲ್ಪೆ, ಮಂಗಳೂರುಗಳ ಮೀನುಗಾರಿಕೆಯ ದೊಡ್ಡ ದೋಣಿಗಳಲ್ಲಿಯೂ ಎಂಜಿನ್ ದೋಣಿಯ ಒಡಲಿನಲ್ಲಿರುತ್ತದೆ. ಕಡಲಿನ ದೋಣಿಗೂ ಬಯಲುಸೀಮೆಯ ಭಾವಿಗೂ ಈ ಒಂದು ವಿಷಯದಲ್ಲಿ ಸಾಮ್ಯವುಂಟು. ಎರಡೂ ಕಡೆ ಎಂಜಿನ್ ಇರುವುದು ತಗ್ಗಿನಲ್ಲಿ, ಗಾಳಿಯ ಸಂಚಾರ ವಿರಳವಾದ ಜಾಗದಲ್ಲಿ. ಆದುದರಿಂದ ಮುಂದೆ ಹೇಳುವ ಲಕ್ಷಣಗಳು ಎರಡಕ್ಕೂ ಅನ್ವಯಿಸುತ್ತವೆ.

ಮೂರು ಬಣ್ಣದ ಹೊಗೆ

ಡೀಸೆಲ್ ಎಂಜಿನಿನಲ್ಲಿ ಕಿಡಿ ಹೊತ್ತಿಸುವ ಸಾಧನವಿಲ್ಲ. ಪಿಸ್ಟನ್ನು ಸಿಲಿಂಡರಿನ ಗಾಳಿಯನ್ನು ಹದಿನೈದರಿಂದ ಇಪ್ಪತ್ತನೆಯ ಒಂದು ಪಾಲಿಗೆ ಒತ್ತುತ್ತದೆ. ಹಾಗೆ ಒತ್ತಲ್ಪಟ್ಟ ಗಾಳಿಯ ಉಷ್ಣತೆ 500 ಡಿಗ್ರಿ ಸೆಲ್ಸಿಯಸ್ ಮೀರುತ್ತದೆ. ಆ ಕ್ಷಣದಲ್ಲಿ ನೋಜಲ್ ಡೀಸೆಲನ್ನು ಮಂಜಿನಂತೆ ಸೂಕ್ಷ್ಮವಾಗಿ ಸಿಂಪಡಿಸಲು ಅದು ತಾನಾಗಿ ಹೊತ್ತಿಕೊಳ್ಳುತ್ತದೆ. ಬೇಕಾದಷ್ಟು ಗಾಳಿ, ಸೂಕ್ಷ್ಮವಾದ ಸಿಂಪಡಿಕೆ, ಸಾಕಷ್ಟು ಒತ್ತಡ, ಸರಿಯಾದ ಸಮಯ ಈ ನಾಲ್ಕೂ ಕೂಡಿದಾಗ ಹೊಗೆ ಕಣ್ಣಿಗೆ ಕಾಣದಷ್ಟು ತೆಳುವಾಗಿರುತ್ತದೆ. ಒಂದು ಕೆಟ್ಟರೂ ಸೈಲೆನ್ಸರಿನ ಬಾಯಿ ಅದನ್ನು ಸಾರುತ್ತದೆ.

ಕಪ್ಪು ಹೊಗೆಯೆಂದರೆ ಡೀಸೆಲಿಗೆ ತಕ್ಕಷ್ಟು ಗಾಳಿ ಸಿಗದೆ ಅದು ಅರೆಬೆಂದು ಮಸಿಯಾಗಿ ಹೊರಬೀಳುತ್ತಿದೆಯೆಂದು ಅರ್ಥ. ಇದರ ವಾಸನೆಯು ಚಿಮಣಿಯ ಕಾಡಿಗೆಯಂತೆ ಒಣಗಿದ, ಗಂಟಲು ಕೆರೆಯುವ ವಾಸನೆ. ಎರೆಭೂಮಿಯ ಧೂಳಿನಿಂದ ಗಾಳಿಶೋಧಕ ಕಟ್ಟಿಕೊಂಡಿರುವುದು ಇದಕ್ಕೆ ಸಾಮಾನ್ಯ ಕಾರಣ. ಎಂಜಿನಿನ ಮೇಲೆ ಅದರ ಶಕ್ತಿಯನ್ನು ಮೀರಿದ ಭಾರ ಬಿದ್ದಿರುವುದು ಇನ್ನೊಂದು. ನೋಜಲ್ ಸಿಂಪಡಿಸದೆ ಹನಿಹನಿಯಾಗಿ ಸುರಿಯುತ್ತಿರುವುದು ಮತ್ತೊಂದು. ಮೊದಲು ಶೋಧಕವನ್ನು ತೊಳೆದು ನೋಡಬೇಕು. ಕೈಯಿಂದಲೇ ತೀರುವ ಕೆಲಸಕ್ಕೆ ಮಿಸ್ತ್ರಿಯನ್ನು ಕರೆಯಬೇಕಾಗಿಲ್ಲ.

ನೀಲಿ ಹೊಗೆಯೆಂದರೆ ಉರಿಯಬಾರದ ಎಣ್ಣೆ ಉರಿಯುತ್ತಿದೆಯೆಂದು ತಿಳಿಯಬೇಕು. ಯಂತ್ರದ ಭಾಗಗಳು ಸವೆಯದಂತೆ ಹಾಕಿದ ಎಣ್ಣೆ, ಅಂದರೆ ನಮ್ಮ ಕಡೆಯವರು ಮೊಬಿಲ್ ಎನ್ನುವ ಎಣ್ಣೆಯು, ಸವೆದ ಪಿಸ್ಟನ್ ರಿಂಗುಗಳ ಸಂದಿಯಿಂದಲೋ ಸಡಿಲಗೊಂಡ ವಾಲ್ವಿನ ಗೈಡಿನಿಂದಲೋ ಮೇಲೇರಿ ಬೆಂಕಿಗೆ ಬೀಳುತ್ತದೆ. ವಾಸನೆಯು ಬಾಣಲೆಯಲ್ಲಿ ಹೊತ್ತಿಹೋದ ಎಣ್ಣೆಯನ್ನು ನೆನಪಿಗೆ ತರುತ್ತದೆ. ಎಣ್ಣೆಯನ್ನು ಗುರುತಿಗಿಂತ ಹೆಚ್ಚು ತುಂಬಿದ್ದರೂ ಇದೇ ಲಕ್ಷಣ ಕಂಡೀತು. ಆದುದರಿಂದ ಮೊದಲು ಅಳತೆಯ ಕಡ್ಡಿಯನ್ನು ನೋಡಬೇಕು. ಎಣ್ಣೆಯ ಮಟ್ಟ ಸರಿಯಿದ್ದೂ ದಿನದಿನಕ್ಕೆ ಕುಗ್ಗುತ್ತಿದ್ದರೆ ಸವಕಳಿಯೇ ಕಾರಣವೆಂದು ನಿಶ್ಚಯಿಸಬಹುದು.

ಬಿಳಿಯ ಹೊಗೆಯೊಂದೇ ಇಬ್ಬಗೆಯದು. ಹೊತ್ತಿಕೊಳ್ಳದೆ ಆವಿಯಾಗಿ ಹೊರಬಂದ ಡೀಸೆಲೂ ಬಿಳಿದೇ, ಸಿಲಿಂಡರಿಗೆ ಸೋರಿದ ನೀರಿನ ಉಗಿಯೂ ಬಿಳಿದೇ. ಇಲ್ಲಿ ಕಣ್ಣು ಸೋಲುತ್ತದೆ, ಮೂಗು ನೆರವಾಗುತ್ತದೆ. ಮೊದಲನೆಯದು ಕಣ್ಣುರಿಸುವ ಹಸಿ ಡೀಸೆಲಿನ ತೀಕ್ಷ್ಣವಾಸನೆಯುಳ್ಳದ್ದು. ಎರಡನೆಯದಕ್ಕೆ ಆ ವಾಸನೆಯಿಲ್ಲ. ಸಂಶಯ ಉಳಿದರೆ ಸೈಲೆನ್ಸರಿನ ಬಾಯಿಯಿಂದ ಒಂದು ಮೊಳ ದೂರದಲ್ಲಿ ಬಿಳಿಯ ಬಟ್ಟೆಯನ್ನು ಕ್ಷಣಕಾಲ ಹಿಡಿಯಬೇಕು. ನೀರಾದರೆ ತೇವ ಆರಿಹೋಗಿ ಬಟ್ಟೆ ಮೊದಲಿನಂತಾಗುತ್ತದೆ. ಡೀಸೆಲಾದರೆ ಎಣ್ಣೆಯ ಕಲೆಯೂ ವಾಸನೆಯೂ ಉಳಿಯುತ್ತವೆ. ಚಳಿಗಾಲದ ಬೆಳಗಿನಲ್ಲಿ ಎಂಜಿನ್ ಹೂಡಿದೊಡನೆ ಕೆಲವು ನಿಮಿಷ ಬಿಳಿಹೊಗೆ ಬರುವುದು ದೋಷವಲ್ಲ. ಕಾದ ಮೇಲೂ ನಿಲ್ಲದಿದ್ದರೆ ಒತ್ತಡ ಕುಗ್ಗಿದೆಯೆಂದೋ ಡೀಸೆಲ್ ಸಿಂಪಡಿಸುವ ಸಮಯ ತಡವಾಗಿದೆಯೆಂದೋ ಭಾವಿಸಬೇಕು. ಉಗಿಯಾದರೆ ಹೆಡ್ಡಿನ ಗ್ಯಾಸ್ಕೆಟ್ ಒಡೆದಿರಬಹುದು. ಆಗ ಒಳಗಿನ ಮೊಬಿಲ್ ಎಣ್ಣೆಯೂ ಕಡೆದ ಮಜ್ಜಿಗೆಯಂತೆ ಬೆಳ್ಳಗಾಗಿರುವುದುಂಟು. ಹಾಗೆ ಕಂಡ ಕೂಡಲೆ ಎಂಜಿನನ್ನು ನಿಲ್ಲಿಸತಕ್ಕದ್ದು.

ಹೊಗೆಯಿಲ್ಲದ ವಾಸನೆಗಳು

ಕೆಲವು ವಾಸನೆಗಳು ಸೈಲೆನ್ಸರಿಗೆ ಸಂಬಂಧಿಸಿದವಲ್ಲ. ಸುಟ್ಟ ರಬ್ಬರಿನ ವಾಸನೆ ಬಂದರೆ ಪಟ್ಟಾ ಸಡಿಲವಾಗಿ ಗಾಲಿಯ ಮೇಲೆ ಜಾರುತ್ತಿದೆಯೆಂದು, ಇಲ್ಲವೆ ಪಂಪು ಬಿಗಿದುಕೊಂಡಿದೆಯೆಂದು ತಿಳಿಯಬೇಕು. ಎಂಜಿನ್ ನಿಂತಿರುವಾಗಲೂ ಹಸಿ ಡೀಸೆಲಿನ ವಾಸನೆ ಬರುತ್ತಿದ್ದರೆ ನಳಿಕೆಯ ಕೀಲೋ ಟಾಕಿಯೋ ಸೋರುತ್ತಿದೆ. ಕಾದ ಕಬ್ಬಿಣ, ಕಾದ ಬಣ್ಣಗಳ ವಾಸನೆಯು ತಂಪುಮಾಡುವ ನೀರು ಹರಿಯುತ್ತಿಲ್ಲವೆಂಬುದರ ಸೂಚನೆ. ಎಂಜಿನಿನ ಉಸಿರುನಳಿಕೆಯಿಂದ ಬಿಸಿ ಎಣ್ಣೆಯ ಹೊಗೆ ಬುಸುಗುಟ್ಟಿದರೆ ರಿಂಗು ದಾಟಿ ಬೆಂಕಿಯ ಗಾಳಿ ಕೆಳಗಿಳಿಯುತ್ತಿದೆಯೆಂದು ಊಹಿಸಬಹುದು. ಸಿಲಿಂಡರಿನಿಂದ ಸೈಲೆನ್ಸರಿಗೆ ಹೋಗುವ ಕೊಳವೆಯ ಕೀಲಿನಲ್ಲಿ ಮಸಿಯ ಗೆರೆ ಮೂಡಿದ್ದರೆ ಹೊಗೆ ಹೊರಗೆ ಹೋಗದೆ ಅಲ್ಲಿಯೇ ಸೋರುತ್ತಿದೆ. ಎಂಜಿನ್ ಭಾವಿಯಲ್ಲಿದ್ದಾಗ ಈ ಕೊನೆಯ ಲಕ್ಷಣವನ್ನು ಎಂದೂ ಉಪೇಕ್ಷಿಸಬಾರದು.

ಕೊಳೆತ ಮೊಟ್ಟೆಯ ವಾಸನೆಯು ಎಂಜಿನಿನದಲ್ಲ, ಭಾವಿಯದು. ತಳದ ಹೂಳಿನಲ್ಲಿ ಎಲೆ ಕಸಗಳು ಕೊಳೆತಾಗ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಸ್ವಲ್ಪವಿದ್ದಾಗ ಇದರ ವಾಸನೆ ಎಲ್ಲರಿಗೂ ತಿಳಿಯುತ್ತದೆ. ಆದರೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ ಇದು ನೂರು ಪಾಲಿನಷ್ಟಾದರೆ ಮೂಗೇ ಸತ್ತಂತಾಗಿ ವಾಸನೆ ತಿಳಿಯದೆ ಹೋಗುತ್ತದೆ. ಹೂಳೆತ್ತುತ್ತಿರುವಾಗ ಇದ್ದ ದುರ್ಗಂಧವು ಇದ್ದಕ್ಕಿದ್ದಂತೆ ಮಾಯವಾದರೆ ಗಾಳಿ ಶುದ್ಧವಾಯಿತೆಂದು ಹಿಗ್ಗದೆ, ಕೂಡಲೆ ಮೇಲೆ ಬರಬೇಕು.

ಪರೀಕ್ಷೆಯ ಕ್ರಮ

ಆಯುರ್ವೇದದಲ್ಲಿ ರೋಗಿಯನ್ನು ದರ್ಶನ, ಸ್ಪರ್ಶನ, ಪ್ರಶ್ನಗಳೆಂಬ ಮೂರು ವಿಧದಿಂದ ಪರೀಕ್ಷಿಸುವುದುಂಟು. ಎಂಜಿನಿಗೂ ಅದೇ ಕ್ರಮ ಸಲ್ಲುತ್ತದೆ. ಹೊಗೆಯ ಬಣ್ಣವನ್ನೂ ಕೀಲುಗಳ ಮಸಿಯನ್ನೂ ನೋಡುವುದು ದರ್ಶನ. ಎಣ್ಣೆಯನ್ನು ಬೆರಳಿನಲ್ಲಿ ತಿಕ್ಕಿ ಅದರ ಜಿಗುಟನ್ನು ಅರಿಯುವುದು, ಎಂಜಿನ್ ನಿಲ್ಲಿಸಿದ ಮೇಲೆ ಪಟ್ಟಾದ ಬಿಗುವನ್ನು ಒತ್ತಿನೋಡುವುದು ಸ್ಪರ್ಶನ. ಹೊಗೆ ಎಂದಿನಿಂದ ಬರುತ್ತಿದೆ, ಭಾರವಿದ್ದಾಗಲೋ ಇಲ್ಲದಾಗಲೋ, ಡೀಸೆಲನ್ನು ಎಲ್ಲಿಂದ ತಂದರು ಎಂದು ನಡೆಸುವವನನ್ನು ಕೇಳುವುದು ಪ್ರಶ್ನ. ಒಂದು ಸಲಕ್ಕೆ ಒಂದನ್ನೇ ಸರಿಪಡಿಸಿ ಫಲವನ್ನು ನೋಡಬೇಕು. ನಾಲ್ಕನ್ನು ಒಮ್ಮೆಲೇ ಬದಲಿಸಿದವನಿಗೆ ರೋಗ ಹೋದರೂ ಅದರ ಕಾರಣ ತಿಳಿಯುವುದಿಲ್ಲ.

ಇವೆಲ್ಲಕ್ಕಿಂತ ಮುಖ್ಯವಾದ ಪರೀಕ್ಷೆಯೊಂದಿದೆ. ದಡದ ಮೇಲೆ ನಡೆಸಿದಾಗ ತಿಳಿಹೊಗೆ ಬಿಡುವ ಎಂಜಿನ್ ಭಾವಿಗಿಳಿಸಿದ ಸ್ವಲ್ಪ ಹೊತ್ತಿಗೆ ಕಪ್ಪು ಹೊಗೆಯನ್ನು ಉಗುಳತೊಡಗಿದರೆ ಮಿಸ್ತ್ರಿಯು ನೋಜಲನ್ನು ಬಿಚ್ಚುವುದು ವ್ಯರ್ಥಶ್ರಮ. ಎಂಜಿನಿಗೆ ರೋಗವಿಲ್ಲ, ಭಾವಿಯ ಗಾಳಿ ಕೆಟ್ಟಿದೆ. ಲೆಕ್ಕವನ್ನು ಶಾಲೆಯ ಬಾಲಕನೂ ಮಾಡಬಹುದು. ಐದು ಅಶ್ವಶಕ್ತಿಯ ಎಂಜಿನಿನ ಸಿಲಿಂಡರು ಸುಮಾರು 550 ಘನ ಸೆಂಟಿಮೀಟರಿನದೆಂದೂ ಅದು ನಿಮಿಷಕ್ಕೆ 1500 ಸುತ್ತು ತಿರುಗುತ್ತದೆಂದೂ ಇಟ್ಟುಕೊಂಡರೆ, ಎರಡು ಸುತ್ತಿಗೊಮ್ಮೆಯಂತೆ ನಿಮಿಷಕ್ಕೆ 750 ಸಲ ಗಾಳಿಯನ್ನು ಸೇದುತ್ತದೆ. ಅಂದರೆ ನಿಮಿಷಕ್ಕೆ 400 ಲೀಟರು, ಗಂಟೆಗೆ ಸುಮಾರು 24 ಘನ ಮೀಟರು. ಮೂರು ಮೀಟರ್ ಅಗಲದ ದುಂಡು ಭಾವಿಯಲ್ಲಿ ನೀರಿನ ಮೇಲೆ ಹತ್ತು ಮೀಟರ್ ಆಳದ ಗಾಳಿಯಿದ್ದರೆ ಅದು ಒಟ್ಟು 70 ಘನ ಮೀಟರು. ಮೂರು ಗಂಟೆಯೊಳಗೆ ಭಾವಿಯ ಗಾಳಿಯಷ್ಟನ್ನೂ ಎಂಜಿನ್ ಒಮ್ಮೆ ಸೇದಿ ಬಿಟ್ಟಿರುತ್ತದೆ. ಅದಕ್ಕೂ ಬಹಳ ಮುಂಚೆಯೇ ತಾನು ಬಿಟ್ಟ ಹೊಗೆಯನ್ನೇ ಅದು ಮರಳಿ ಸೇದತೊಡಗುತ್ತದೆ. ಆಮ್ಲಜನಕ ಕುಗ್ಗಿದಂತೆ ದಹನ ಕೆಡುತ್ತದೆ, ದಹನ ಕೆಟ್ಟಂತೆ ವಿಷ ಹೆಚ್ಚುತ್ತದೆ. ಅದೇ ಗಾಳಿಯನ್ನು ಕೆಳಗಿರುವ ಮನುಷ್ಯನೂ ಉಸಿರಾಡುತ್ತಿರುತ್ತಾನೆ.

ವಾಸನೆ ಹೇಳದ ವಿಷ

ಆ ವಿಷವೇ ಕಾರ್ಬನ್ ಮೊನಾಕ್ಸೈಡ್. ಇಂಗಾಲವು ಪೂರ್ಣವಾಗಿ ಉರಿಯದಾಗ ಹುಟ್ಟುವ ಈ ಅನಿಲಕ್ಕೆ ಬಣ್ಣವಿಲ್ಲ, ರುಚಿಯಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇದು ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಂಡು, ಆಮ್ಲಜನಕವು ದೇಹಕ್ಕೆ ತಲುಪದಂತೆ ಮಾಡುತ್ತದೆ. ಹತ್ತು ಲಕ್ಷ ಪಾಲು ಗಾಳಿಯಲ್ಲಿ 400 ಪಾಲಿದ್ದರೆ ಒಂದೆರಡು ಗಂಟೆಗಳಲ್ಲಿ ತಲೆನೋವು ಬರುತ್ತದೆ. 12,800 ಪಾಲು, ಅಂದರೆ ಶೇಕಡಾ 1.28ರಷ್ಟಾದರೆ ಒಂದರಿಂದ ಮೂರು ನಿಮಿಷಗಳಲ್ಲಿ ಮರಣ. ಡೀಸೆಲ್ ಎಂಜಿನ್ ಸರಿಯಾಗಿ ಉರಿಯುವಾಗ ಇದನ್ನು ಬಿಡುವುದು ಕಡಿಮೆ. ಪೆಟ್ರೋಲಿನಿಂದಲೋ ಸೀಮೆಎಣ್ಣೆಯಿಂದಲೋ ನಡೆಯುವ, ಎತ್ತಿಕೊಂಡು ಹೋಗಬಹುದಾದ ಚಿಕ್ಕ ಪಂಪುಗಳ ಹೊಗೆಯಲ್ಲಾದರೋ ಇದು ಶೇಕಡಾ 1ನ್ನೂ ಮೀರಬಹುದು. ಆ ಹೊಗೆ ಬಹುಮಟ್ಟಿಗೆ ಕಣ್ಣಿಗೆ ಕಾಣುವುದೂ ಇಲ್ಲ. ಕಪ್ಪುಹೊಗೆಯಾದರೂ ಕೆಮ್ಮು ತರಿಸಿ ಮನುಷ್ಯನನ್ನು ಹೊರಗಟ್ಟುತ್ತದೆ. ಈ ತಿಳಿಹೊಗೆ ಯಾವ ಎಚ್ಚರಿಕೆಯನ್ನೂ ಕೊಡುವುದಿಲ್ಲ.

ಇಲ್ಲಿ ಮತ್ತೆ ಶಾಸ್ತ್ರದ ನೆನಪಾಗುತ್ತದೆ. ಮೀಮಾಂಸಕರಲ್ಲಿ ಭಾಟ್ಟರು ಅನುಪಲಬ್ಧಿಯನ್ನು, ಎಂದರೆ ಕಾಣದಿರುವಿಕೆಯನ್ನು, ಒಂದು ಪ್ರತ್ಯೇಕ ಪ್ರಮಾಣವೆಂದು ಎಣಿಸಿದರು. ಮೇಜಿನ ಮೇಲೆ ಗಡಿಗೆ ಕಾಣುತ್ತಿಲ್ಲ, ಆದುದರಿಂದ ಅಲ್ಲಿ ಗಡಿಗೆಯಿಲ್ಲ. ಆದರೆ ಅದಕ್ಕೊಂದು ನಿಬಂಧನೆಯಿದೆ: ವಸ್ತುವು ಇದ್ದಿದ್ದರೆ ಕಾಣುವ ಯೋಗ್ಯತೆಯುಳ್ಳದ್ದಾಗಿರಬೇಕು. ಕತ್ತಲೆಯಲ್ಲಿ ಗಡಿಗೆ ಕಾಣಲಿಲ್ಲವೆಂದು ಗಡಿಗೆಯೇ ಇಲ್ಲವೆನ್ನುವಂತಿಲ್ಲ. ವಾಸನೆಯಿಲ್ಲದ ವಿಷವನ್ನು ಮೂಗಿನಿಂದ ಪರೀಕ್ಷಿಸಿ, ವಾಸನೆ ಬರಲಿಲ್ಲ, ಆದುದರಿಂದ ಭಾವಿಯಲ್ಲಿ ವಿಷವಿಲ್ಲ ಎಂದು ಇಳಿಯುವವನು ಮಾಡುವ ತಪ್ಪು ಇದೇ.

ದೀಪದ ಪರೀಕ್ಷೆಯೂ ಹೀಗೆಯೇ. ಹಳೆಯ ಭಾವಿಗೆ ಇಳಿಯುವ ಮೊದಲು ಕಂದೀಲನ್ನು ಹಗ್ಗಕ್ಕೆ ಕಟ್ಟಿ ಇಳಿಬಿಡುವ ರೂಢಿ ನಮ್ಮ ಹಿರಿಯರಲ್ಲಿತ್ತು. ಅದು ಅರ್ಥವಿಲ್ಲದ ರೂಢಿಯಲ್ಲ. ಗಾಳಿಯಲ್ಲಿ ಶೇಕಡಾ 21ರಷ್ಟಿರಬೇಕಾದ ಆಮ್ಲಜನಕವು 16-17ಕ್ಕೆ ಇಳಿದಾಗ ಜ್ವಾಲೆ ಆರಿಹೋಗುತ್ತದೆ. ತಳದಲ್ಲಿ ಕೂಡಿಕೊಂಡ ಭಾರವಾದ ಇಂಗಾಲಾಮ್ಲವನ್ನು ಅದು ಹೀಗೆ ತೋರಿಸಿಕೊಡುತ್ತಿತ್ತು. ಆದರೆ ಕಾರ್ಬನ್ ಮೊನಾಕ್ಸೈಡಿನ ತೂಕ ಗಾಳಿಯ ತೂಕಕ್ಕೆ ಹೆಚ್ಚುಕಡಿಮೆ ಸಮ. ಅದು ತಳದಲ್ಲಿ ನಿಲ್ಲದೆ ಎಲ್ಲೆಡೆ ಬೆರೆಯುತ್ತದೆ. ಶೇಕಡಾ ಒಂದರಷ್ಟು ಬೆರೆತರೂ ದೀಪ ಆರುವುದಿಲ್ಲ, ಮನುಷ್ಯ ಉಳಿಯುವುದಿಲ್ಲ. ದೀಪ ಆರಿದರೆ ಇಳಿಯಬಾರದು. ದೀಪ ಉರಿದರೆ ಇಳಿಯಬಹುದೆಂದು ಅದರಿಂದ ಸಿದ್ಧವಾಗುವುದಿಲ್ಲ. ಬ್ರಿಟನ್ನಿನ ಕಲ್ಲಿದ್ದಲ ಗಣಿಗಳಲ್ಲಿ ದೀಪವಿದ್ದರೂ, ವಿಜ್ಞಾನಿ ಹಾಲ್ಡೇನರ ಸಲಹೆಯಂತೆ ಪಂಜರದಲ್ಲಿ ಕೆನರಿ ಹಕ್ಕಿಯನ್ನು ಒಯ್ಯುತ್ತಿದ್ದುದಕ್ಕೆ ಇದೇ ಕಾರಣ. ಇಂದು ಅಂಗೈಯಗಲದ ವಿದ್ಯುನ್ಮಾನ ಮಾಪಕಗಳೇ ಆ ಕೆಲಸವನ್ನು ಮಾಡುತ್ತವೆ.

ಪಾಲಿಸಬೇಕಾದ ನಿಯಮಗಳು

ಮೊದಲನೆಯದಾಗಿ, ಭಾವಿಯೊಳಗೆ ಎಂಜಿನನ್ನು ನಡೆಸಲೇಬಾರದು. ಪೆಟ್ರೋಲಿನ ಪಂಪನ್ನಂತೂ ಎಂದಿಗೂ ಕೂಡದು. ಆಳದ ನೀರಿಗೆ ವಿದ್ಯುತ್ ಪಂಪನ್ನು ಇಳಿಬಿಟ್ಟು, ವಿದ್ಯುತ್ತಿಲ್ಲದ ಕಡೆ ಅದನ್ನು ಒದಗಿಸುವ ಜನರೇಟರನ್ನು ದಡದ ಮೇಲೆ, ಭಾವಿಯ ಬಾಯಿಂದ ದೂರದಲ್ಲಿ ಗಾಳಿ ಬೀಸುವ ದಿಕ್ಕನ್ನು ನೋಡಿ ಇಡಬೇಕು. ಎರಡನೆಯದಾಗಿ, ಎಂಜಿನ್ ನಡೆದ ಭಾವಿಗೆ ಅದು ನಿಂತ ಕೂಡಲೆ ಇಳಿಯಬಾರದು. ವಿಷವು ಎಂಜಿನಿನೊಡನೆ ನಿಲ್ಲುವುದಿಲ್ಲ. ಇಳಿಯಲೇಬೇಕಾದರೆ ಗಾಳಿಯೂದುವ ಯಂತ್ರದಿಂದ ತಳದವರೆಗೆ ಹೊಸ ಗಾಳಿಯನ್ನು ತುಂಬಿ, ಮಾಪಕದಿಂದ ನೋಡಿ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಮೇಲೆ ಆಳುಗಳನ್ನು ನಿಲ್ಲಿಸಿಕೊಂಡೇ ಇಳಿಯಬೇಕು. ಮೂರನೆಯದಾಗಿ, ತಲೆನೋವು, ತಲೆಸುತ್ತು, ಓಕರಿಕೆ, ಕಾಲುಗಳ ನಿಶ್ಶಕ್ತಿ ಇವುಗಳಲ್ಲಿ ಒಂದು ತೋರಿದರೂ ಆಗಲೇ ಮೇಲೇರಬೇಕು. ಇನ್ನೊಂದು ಕೊಡ ಹೂಳೆತ್ತಿ ಬರುವೆನೆಂದು ನಿಂತವನಿಗೆ ಮೆಟ್ಟಿಲೇರುವ ಶಕ್ತಿ ಉಳಿದಿರುವುದಿಲ್ಲ.

ನಾಲ್ಕನೆಯದು ಪಾಲಿಸಲು ಎಲ್ಲಕ್ಕಿಂತ ಕಠಿಣವಾದುದು. ಒಬ್ಬನು ಕೆಳಗೆ ಬಿದ್ದಾಗ ಅಣ್ಣನು ತಮ್ಮನಿಗಾಗಿ, ಮಗನು ತಂದೆಗಾಗಿ, ನೆರೆಹೊಲದವನು ಇಬ್ಬರಿಗಾಗಿ ಇಳಿದು, ಒಬ್ಬರ ಮೇಲೊಬ್ಬರು ಅಸುನೀಗುವುದನ್ನು ದೇಶದ ನಾನಾ ಕಡೆಗಳಿಂದ ಬರುವ ವಾರ್ತೆಗಳಲ್ಲಿ ಓದುತ್ತೇವೆ. ಅವರನ್ನು ಇಳಿಸಿದುದು ಅವಿವೇಕವಲ್ಲ, ಪ್ರೀತಿ. ಆದರೂ ರಕ್ಷಣೆಯಿಲ್ಲದೆ ಇಳಿದ ಎರಡನೆಯವನು ಮೊದಲನೆಯವನನ್ನು ಉಳಿಸಲಾರನು. ಎಂಜಿನನ್ನು ದಡದಿಂದಲೇ ನಿಲ್ಲಿಸಲು ಸಾಧ್ಯವಾದರೆ ನಿಲ್ಲಿಸಿ, ಮೇಲಿಂದ ಗಾಳಿಯೂದಿಸಿ, ಬಿದ್ದವನ ಸೊಂಟಕ್ಕೆ ಹಗ್ಗವಿದ್ದರೆ ಅದರಿಂದ ಎಳೆದುಕೊಳ್ಳಬೇಕು. ಉಸಿರಾಟದ ಉಪಕರಣಗಳುಳ್ಳ ಅಗ್ನಿಶಾಮಕ ದಳವನ್ನೂ 108ರ ವಾಹನವನ್ನೂ ಆ ಕ್ಷಣದಲ್ಲಿಯೇ ಕರೆಯಬೇಕು. ಮೇಲೆ ತಂದವನಿಗೆ ತೆರೆದ ಗಾಳಿಯೂ ಆಸ್ಪತ್ರೆಯ ಆಮ್ಲಜನಕವೂ ಬೇಕು. ಸಾಧಾರಣ ಗಾಳಿಯಲ್ಲಿ ರಕ್ತದ ವಿಷವು ಅರ್ಧಕ್ಕಿಳಿಯಲು ನಾಲ್ಕೈದು ಗಂಟೆ ಹಿಡಿದರೆ, ಶುದ್ಧ ಆಮ್ಲಜನಕದಲ್ಲಿ ಒಂದೂವರೆ ಗಂಟೆಯೊಳಗೆ ಅಷ್ಟು ಇಳಿಯುತ್ತದೆ. ಎಚ್ಚರವಾಗಿ ಮಾತನಾಡಿದನೆಂದು ಮನೆಗೆ ಕರೆದೊಯ್ಯಬಾರದು.

ಬೀದರಿನ ನೌಬಾದಿನಲ್ಲಿ ಬಹಮನಿ ಸುಲ್ತಾನರ ಕಾಲದ, ಹದಿನೈದನೆಯ ಶತಮಾನದ ಸುರಂಗಭಾವಿಯಿದೆ. ಕೆಂಗಲ್ಲನ್ನು ಕೊರೆದು ಎರಡು ಕಿಲೋಮೀಟರಿಗೂ ಹೆಚ್ಚು ದೂರ ನೆಲದೊಳಗೆ ನೀರನ್ನು ಹರಿಸಿದ ಅದರ ಉದ್ದಕ್ಕೂ ಅಲ್ಲಲ್ಲಿ ನೆಲದ ಮೇಲ್ಮೈಗೆ ತೆರೆದ ಲಂಬವಾದ ಬಾಯಿಗಳಿವೆ. ಅಗೆದ ಮಣ್ಣನ್ನು ಮೇಲೆತ್ತಲು, ಕೆಳಗೆ ದುಡಿಯುವವರಿಗೆ ಬೆಳಕೂ ಗಾಳಿಯೂ ಸಿಗಲು ಅವು ನೆರವಾದವು. ಯಾವ ಎಂಜಿನೂ ಇಲ್ಲದ ಆ ಕಾಲದಲ್ಲಿಯೇ ನೆಲದೊಳಗೆ ಇಳಿಯುವವನಿಗೆ ನೀರಿಗಿಂತ ಮೊದಲು ಗಾಳಿ ಬೇಕೆಂಬುದನ್ನು ಕಟ್ಟಿದವರು ಅರಿತಿದ್ದರು.

ಈ ಶಾಲೆಯಲ್ಲಿ ಓದುವ ಮಕ್ಕಳಲ್ಲಿ ಅನೇಕರ ಮನೆಯಲ್ಲಿ ಹೊಲವಿದೆ, ಹೊಲದಲ್ಲಿ ಭಾವಿಯಿದೆ. ವಿಜ್ಞಾನದ ಅಧ್ಯಾಪಕರು ದಹನಕ್ರಿಯೆಯ ಪಾಠ ಹೇಳುವ ದಿನ ಈ ಸಂಗತಿಯನ್ನೂ ಸೇರಿಸಿ ಹೇಳಿದರೆ, ಮಕ್ಕಳು ಸಂಜೆ ಮನೆಗೆ ಹೋಗಿ ತಂದೆಗೆ ತಿಳಿಸುವರು. ಹೊಲಮನೆಗಳನ್ನು ನಡೆಸುತ್ತಿರುವ ಹಳೆಯ ವಿದ್ಯಾರ್ಥಿಗಳು ತಮ್ಮ ಆಳುಗಳಿಗೆ ತಿಳಿಸಲಿ. ಗ್ರಾಮಕ್ಕೊಂದು ಅನಿಲಮಾಪಕವನ್ನೂ ಗಾಳಿಯೂದುವ ಯಂತ್ರವನ್ನೂ ಒದಗಿಸುವುದು ದಾನಿಗಳಿಗೆ ಅಸಾಧ್ಯವಾದ ಕಾರ್ಯವೇನೂ ಅಲ್ಲ. ಹೊಗೆ ಕಂಡಲ್ಲಿ ಬೆಂಕಿಯಿದೆಯೆಂಬುದು ವಿದ್ಯೆಯ ಮೊದಲ ಪಾಠ. ಏನೂ ಕಾಣದೆ, ಏನೂ ನಾರದೆ ಇರುವಲ್ಲಿಯೂ ಅಪಾಯವಿರಬಹುದೆಂಬುದು ಅದರ ಮುಂದಿನ ಪಾಠ. ಇವೆರಡನ್ನೂ ಕಲಿತವನು ಎಂಜಿನನ್ನೂ ಉಳಿಸಿಕೊಳ್ಳುವನು, ಅದನ್ನು ನಡೆಸುವವನ ಪ್ರಾಣವನ್ನೂ ಉಳಿಸುವನು.